ಮನೆಯಲ್ಲೇ ಫೋಟೋ ಸ್ಟುಡಿಯೋ: ದುಡ್ಡು ಹಾಕಬೇಕಿರುವುದು ಕ್ಯಾಮೆರಾಗೋ, ಬೆಳಕಿಗೋ?

ಹಂಪಿಯ ವಿರೂಪಾಕ್ಷ ಗುಡಿಗೆ ಹೋದವರೆಲ್ಲ ಅಲ್ಲಿನ ಒಂದು ಕತ್ತಲ ಕೋಣೆಯಲ್ಲಿ ಒಂದು ನಿಮಿಷವಾದರೂ ನಿಂತಿರುತ್ತಾರೆ. ಗೋಡೆಯಲ್ಲಿರುವ ಸಣ್ಣ ಕಂಡಿಯಿಂದ ಬಂದ ಬೆಳಕು ಎದುರಿನ ಗೋಡೆಯ ಮೇಲೆ ದೊಡ್ಡ ಗೋಪುರದ ತಲೆಕೆಳಗಾದ ಚಿತ್ರ ಮೂಡಿಸುತ್ತದೆ. ಇದನ್ನು ಪವಾಡವೆಂದೂ, ಹಳೆಯ ಕಾಲದ ಪ್ರೊಜೆಕ್ಟರ್ ಎಂದೂ ಹೇಳುವ ಸಂದೇಶಗಳು ನಿಮ್ಮ ಫೋನಿಗೂ ಬಂದಿರಬಹುದು. ಇದರ ಹಿಂದಿರುವುದು ಸರಳ ವಿಜ್ಞಾನ. ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ. ಗೋಪುರದ ತುದಿಯಿಂದ ಹೊರಟ ಬೆಳಕು ಕಂಡಿಯನ್ನು ದಾಟಿ ಗೋಡೆಯ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ ಬೀಳುತ್ತದೆ. ಚಿತ್ರ ತಲೆಕೆಳಗಾಗುವುದು ಇದರಿಂದಲೇ. ಇದನ್ನು ಸೂಜಿರಂಧ್ರ ಕ್ಯಾಮೆರಾ ಎನ್ನುತ್ತಾರೆ.

ಆ ಚಿತ್ರ ಮಸುಕಾಗಿ ಕಾಣುವುದೇಕೆ ಎಂದು ಯೋಚಿಸಿದ್ದೀರಾ? ಕಂಡಿ ಸಣ್ಣದು, ಒಳಬರುವ ಬೆಳಕು ಕಡಿಮೆ. ನಿಮ್ಮ ಜೇಬಿನಲ್ಲಿರುವ ಫೋನಿನ ಕಷ್ಟವೂ ಇದೇ. ಅದರ ಕ್ಯಾಮೆರಾ ಬಾಯಿ ಕೆಲವೇ ಮಿಲಿಮೀಟರ್ ಅಗಲದ್ದು. ಫೋಟೋ ಚೆನ್ನಾಗಿ ಬರಲಿಲ್ಲ ಎಂದಾಗ ನಾವು ಫೋನನ್ನು ಬೈಯುತ್ತೇವೆ, ಹೊಸದನ್ನು ಕೊಳ್ಳಲು ಕಂತು ಕಟ್ಟುತ್ತೇವೆ. ಎಷ್ಟೋ ಸಲ ತಪ್ಪಿರುವುದು ಫೋನಿನಲ್ಲಲ್ಲ, ಬೆಳಕಿನಲ್ಲಿ.

ಈ ಮಾತು ಇಂದು ಬರೀ ಹವ್ಯಾಸದ ಮಾತಾಗಿ ಉಳಿದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಸಭೆಯ ಹೊತ್ತಿಗೆ, ಸಂಡೂರು ಕುಶಲ ಕಲಾ ಕೇಂದ್ರದ ನಂಟಿರುವ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಂಥ ಕೈಕೆಲಸವನ್ನು ಇಂದು ದೂರದೂರಿನ ಗಿರಾಕಿ ಮೊದಲು ನೋಡುವುದು ಫೋನಿನ ಪರದೆಯ ಮೇಲೆ. ಫೋಟೋದಲ್ಲಿ ದಾಸವಾಳದ ಕೆಂಪು ಇದ್ದು, ಕೈಗೆ ಬಂದದ್ದು ಬೇರೆ ಕೆಂಪಾದರೆ ಬಟ್ಟೆ ವಾಪಸ್ ಬರುತ್ತದೆ. ವಾರಗಟ್ಟಲೆ ಹಾಕಿದ ಹೊಲಿಗೆಯ ಬೆಲೆ ಒಂದು ಕೆಟ್ಟ ಬಲ್ಬಿನಿಂದ ಬಿದ್ದುಹೋಗುತ್ತದೆ.

ಹಾಗಾಗಿ ತೋರಣಗಲ್ಲಿನ ಪಕ್ಕದ ವಡ್ಡು ಊರಿನ ಒಂದು ಸಾಧಾರಣ ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಒಂದು ಪಡಸಾಲೆ, ಒಂದು ಕಿಟಕಿ, ಕೆಂಪು ರೆಡಾಕ್ಸೈಡ್ ನೆಲ, ಒಂದು ಫೋನು. ಇಷ್ಟರಲ್ಲಿ ಸ್ಟುಡಿಯೋ ಹೇಗೆ ಕಟ್ಟುವುದು, ಯಾವ ಸಾಮಾನು ಬೇಕು, ಯಾವುದು ಬೇಡ ಎಂದು ನೋಡೋಣ.

ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಸಾಕೇ?

ಸಾಲದು. ಮೆಗಾಪಿಕ್ಸೆಲ್ ಎಂದರೆ ಚಿತ್ರವನ್ನು ಎಷ್ಟು ಲಕ್ಷ ಚುಕ್ಕೆಗಳಾಗಿ ಒಡೆಯಲಾಗಿದೆ ಎಂಬ ಲೆಕ್ಕ ಮಾತ್ರ. ಬೆಳಕನ್ನು ಹಿಡಿಯುವುದು ಲೆನ್ಸಿನ ಹಿಂದಿರುವ ಸೆನ್ಸರ್ ಎಂಬ ಚಿಕ್ಕ ಬಿಲ್ಲೆ. ಮಳೆ ನೀರು ಹಿಡಿಯಲು ಅಂಗಳದಲ್ಲಿ ಪಾತ್ರೆ ಇಟ್ಟಂತೆ ಇದು. ಅದೇ ಜಾಗದಲ್ಲಿ ಹತ್ತು ಬೋಗುಣಿಯ ಬದಲು ನೂರು ಲೋಟ ಇಟ್ಟರೆ ಸಿಗುವ ನೀರು ಹೆಚ್ಚಾಗುವುದಿಲ್ಲ. ಪ್ರತಿ ಲೋಟಕ್ಕೆ ಬೀಳುವುದು ಕಡಿಮೆಯಾಗುತ್ತದೆ, ಅಷ್ಟೆ.

ಬೆಳಕು ಸಾಲದಾದಾಗ ಫೋನು ಸಿಕ್ಕಷ್ಟನ್ನೇ ಕೃತಕವಾಗಿ ಹಿಗ್ಗಿಸುತ್ತದೆ. ಆಗ ಚಿತ್ರದಲ್ಲಿ ರವೆ ಚೆಲ್ಲಿದಂತೆ ಚುಕ್ಕೆಗಳು ಏಳುತ್ತವೆ. ಅವನ್ನು ಮರೆಸಲು ಫೋನಿನ ತಂತ್ರಾಂಶ ಎಲ್ಲವನ್ನೂ ಸವರಿ ನುಣುಪು ಮಾಡುತ್ತದೆ. ಮುಖ ಮೇಣದ ಗೊಂಬೆಯಂತಾಗುವುದು, ಕಸೂತಿಯ ದಾರದ ಎಳೆ ಮಾಯವಾಗುವುದು ಇದರಿಂದಲೇ. ಅದೇ ಫೋನನ್ನು ಒಳ್ಳೆಯ ಬೆಳಕಿಗೆ ಒಯ್ದರೆ ಎಳೆ ಎಳೆಯೂ ಕಾಣುತ್ತದೆ.

ಹಂಪಿಯ ಅತಿ ಹಳೆಯ ಫೋಟೋಗಳನ್ನು ತೆಗೆದವರು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ. ಇಸವಿ 1856. ಮೇಣ ಹಚ್ಚಿದ ಕಾಗದವೇ ಅವರ ನೆಗೆಟಿವ್, ಬಿಸಿಲೇ ದೀಪ. ಆ ಕಾಲದ ಪಟ್ಟಣಗಳ ಸ್ಟುಡಿಯೋಗಳೂ ಗಾಜಿನ ಮಾಡು, ದೊಡ್ಡ ಕಿಟಕಿಗಳಿಂದ ಬರುವ ಹಗಲು ಬೆಳಕನ್ನೇ ನಂಬಿದ್ದವು. ಅವರಿಗಿಂತ ಎಷ್ಟೋ ಪಟ್ಟು ಚುರುಕಾದ ಕ್ಯಾಮೆರಾ ನಮ್ಮ ಕೈಯಲ್ಲಿದೆ. ನಾವು ಮರೆತಿರುವುದು ಬೆಳಕನ್ನು ನೋಡುವ ಕಣ್ಣನ್ನು.

ಬೆಳಕಿನ ಮೂರು ಗುಣ: ಗಾತ್ರ, ದೂರ, ದಿಕ್ಕು

ಮನೆ ಸ್ಟುಡಿಯೋದ ವಿದ್ಯೆಯೆಲ್ಲ ಈ ಮೂರು ಮಾತಿನಲ್ಲಿದೆ.

ಮೊದಲನೆಯದು ಗಾತ್ರ. ದೀಪ ಚಿಕ್ಕದಾಗಿ ಕಂಡಷ್ಟೂ ನೆರಳು ಚೂಪು, ದೊಡ್ಡದಾಗಿ ಕಂಡಷ್ಟೂ ನೆರಳು ಮೆತ್ತಗೆ. ಇಂದು ರಾತ್ರಿ ಒಂದು ಸಣ್ಣ ಪ್ರಯೋಗ ಮಾಡಿ. ಟ್ಯೂಬ್‌ಲೈಟಿನ ಕೆಳಗೆ ಮೇಜಿನಿಂದ ಸ್ವಲ್ಪ ಮೇಲೆ ಒಂದು ಪೆನ್ಸಿಲ್ ಹಿಡಿಯಿರಿ. ಪೆನ್ಸಿಲ್ ಟ್ಯೂಬಿನ ಉದ್ದಕ್ಕೆ ಸಮವಾಗಿದ್ದರೆ ನೆರಳಿನ ಅಂಚು ಸ್ಪಷ್ಟ. ಅದನ್ನು ಅಡ್ಡ ತಿರುಗಿಸಿ, ನೆರಳು ಕರಗಿ ಮಸುಕಾಗುತ್ತದೆ. ದೀಪ ಒಂದೇ, ಪೆನ್ಸಿಲ್ ಒಂದೇ. ಮೊದಲ ಸಲ ಪೆನ್ಸಿಲ್‌ಗೆ ಅಡ್ಡಲಾಗಿ ಟ್ಯೂಬಿನ ದಪ್ಪ ಮಾತ್ರ ಕಾಣುತ್ತಿತ್ತು, ಎರಡನೆಯ ಸಲ ಅದರ ಇಡೀ ಉದ್ದ ಕಂಡಿತು.

ಸೂರ್ಯ ಸುಮಾರು 14 ಲಕ್ಷ ಕಿಲೋಮೀಟರ್ ಅಗಲದವನು. ಆದರೂ ಮಧ್ಯಾಹ್ನದ ಬಿಸಿಲಿನಲ್ಲಿ ನೆರಳು ಕತ್ತರಿಸಿದಂತೆ ಬೀಳುತ್ತದೆ. ಅವನು 15 ಕೋಟಿ ಕಿಲೋಮೀಟರ್ ದೂರ ಇರುವುದರಿಂದ ನಮಗೆ ಚಿಕ್ಕ ಬಿಲ್ಲೆಯಾಗಿ ಕಾಣುತ್ತಾನೆ. ಹುಣ್ಣಿಮೆ ಚಂದ್ರನನ್ನು ಚಾಚಿದ ಕೈಯ ಕಿರುಬೆರಳಿನಿಂದ ಮುಚ್ಚಿ ನೋಡಿ. ಸೂರ್ಯನೂ ಕಾಣುವುದು ಅಷ್ಟೇ ಗಾತ್ರ. ಮೋಡ ಕವಿದ ದಿನ ಇಡೀ ಆಕಾಶವೇ ದೀಪವಾಗುತ್ತದೆ, ನೆರಳು ಮಾಯವಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಾಫ್ಟ್‌ಬಾಕ್ಸ್, ಬಿಳಿ ಕೊಡೆ ಎಲ್ಲವೂ ಮಾಡುವುದು ಮೋಡದ ಕೆಲಸವನ್ನೇ: ಚಿಕ್ಕ ದೀಪವನ್ನು ದೊಡ್ಡದು ಮಾಡುವುದು.

ಎರಡನೆಯದು ದೂರ. ಬಲ್ಬು ಒಂದು ಮೀಟರ್ ದೂರದಲ್ಲಿದ್ದಾಗ ಸಿಗುವ ಬೆಳಕು ಎರಡು ಮೀಟರ್‌ಗೆ ಹೋದರೆ ಅರ್ಧವಾಗುವುದಿಲ್ಲ, ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೂರು ಮೀಟರ್‌ನಲ್ಲಿ ಒಂಬತ್ತನೇ ಒಂದು ಭಾಗ. ಹೆಚ್ಚು ವ್ಯಾಟಿನ ದೀಪ ಕೊಳ್ಳುವ ಮೊದಲು ಇರುವ ದೀಪವನ್ನು ಹತ್ತಿರ ತನ್ನಿ. ಹತ್ತಿರ ತಂದಾಗ ಅದು ದೊಡ್ಡದಾಗಿಯೂ ಕಾಣುವುದರಿಂದ ನೆರಳೂ ಮೆತ್ತಗಾಗುತ್ತದೆ. ಕಾಸು ಖರ್ಚಿಲ್ಲದೆ ಎರಡು ಲಾಭ. ದೊಡ್ಡ ಕಿಟಕಿಯ ಬೆಳಕು ಬಲ್ಬಿನಷ್ಟು ಬೇಗ ಕುಗ್ಗುವುದಿಲ್ಲ, ಆದರೂ ಒಳಗೆ ಹೋದಂತೆ ಕುಗ್ಗುತ್ತದೆ.

ಮೂರನೆಯದು ದಿಕ್ಕು. ಕ್ಯಾಮೆರಾದ ಕಡೆಯಿಂದಲೇ ನೇರವಾಗಿ ಬೆಳಕು ಬಿದ್ದರೆ ಎಲ್ಲವೂ ಚಪ್ಪಟೆ. ಪಕ್ಕದಿಂದ ಬಿದ್ದರೆ ಉಬ್ಬು ತಗ್ಗು ಎದ್ದು ಕಾಣುತ್ತವೆ. ಹಂಪಿಯ ಕಲ್ಲಿನ ಕೆತ್ತನೆ ಬೆಳಗ್ಗೆ, ಸಂಜೆ ಚೆಂದ ಕಾಣುವುದು, ನಡುಮಧ್ಯಾಹ್ನ ಸಪ್ಪೆಯಾಗುವುದು ಇದೇ ಕಾರಣಕ್ಕೆ.

ಒಂದು ಕಿಟಕಿ, ಒಂದು ಪಂಚೆ, ಒಂದು ಥರ್ಮಾಕೋಲ್

ಈಗ ವಡ್ಡುವಿನ ಆ ಪಡಸಾಲೆಗೆ ಬರೋಣ. ಮಾಡಬೇಕಾದ್ದು ಇಷ್ಟು.

1. ಮೊದಲು ಎಲ್ಲ ಬಲ್ಬು, ಟ್ಯೂಬ್‌ಲೈಟ್ ಆರಿಸಿ. ಕಿಟಕಿಯ ಬೆಳಕು ಮಾತ್ರ ಉಳಿಯಲಿ. ಬೇರೆ ಬೇರೆ ಬಣ್ಣದ ಬೆಳಕು ಬೆರೆತರೆ ಮುಂದೆ ಸರಿಪಡಿಸಲು ಆಗುವುದಿಲ್ಲ.

2. ಕಿಟಕಿಯಿಂದ ನೇರ ಬಿಸಿಲು ಬೀಳುತ್ತಿದ್ದರೆ ತೆಳುವಾದ, ಅಚ್ಚ ಬಿಳಿಯ ಪಂಚೆಯನ್ನು ಅಡ್ಡ ಕಟ್ಟಿ. ಈಗ ಆ ಪಂಚೆಯೇ ನಿಮ್ಮ ದೀಪ. ನೀಲಿ ಹಾಕಿದ ಬಟ್ಟೆ, ಬಣ್ಣದ ಕರ್ಟನ್ ಬೇಡ. ಅದರ ಬಣ್ಣ ಫೋಟೋಗೂ ಹತ್ತುತ್ತದೆ.

3. ಕಿಟಕಿಯ ಪಕ್ಕಕ್ಕೆ, ಸುಮಾರು ಎರಡು ಮೂರು ಅಡಿ ದೂರದಲ್ಲಿ ಒಂದು ಮೇಜು ಇಡಿ. ಕಿಟಕಿ ವಸ್ತುವಿನ ಎಡಕ್ಕೋ ಬಲಕ್ಕೋ ಇರಬೇಕು. ವಸ್ತುವಿನ ಹಿಂದೆ ಇದ್ದರೆ ವಸ್ತು ಕಪ್ಪಾಗುತ್ತದೆ, ನಿಮ್ಮ ಬೆನ್ನ ಹಿಂದಿದ್ದರೆ ನಿಮ್ಮದೇ ನೆರಳು ಬೀಳುತ್ತದೆ.

4. ಬಿಳಿ ಚಾರ್ಟ್ ಹಾಳೆಯನ್ನು ಗೋಡೆಗೆ ಅಂಟಿಸಿ, ಮಡಿಕೆ ಬೀಳದಂತೆ ಬಾಗಿಸಿ ಮೇಜಿನ ಮೇಲೆ ಹಾಸಿ. ಗೋಡೆ ಮೇಜು ಸೇರುವ ಗೆರೆ ಕಾಣುವುದಿಲ್ಲ, ಸ್ಟುಡಿಯೋದ ಹಿನ್ನೆಲೆ ಸಿದ್ಧ.

5. ಕಿಟಕಿಯ ಎದುರು ಬದಿಗೆ ಒಂದು ಥರ್ಮಾಕೋಲ್ ಹಲಗೆ ನಿಲ್ಲಿಸಿ. ಕಿಟಕಿಯ ಬೆಳಕು ಅದಕ್ಕೆ ಬಡಿದು ಹಿಂದಿರುಗಿ ನೆರಳಿನ ಭಾಗವನ್ನು ತುಂಬುತ್ತದೆ. ಹತ್ತಿರ ತಂದರೆ ನೆರಳು ತಿಳಿ, ದೂರ ಸರಿಸಿದರೆ ಗಾಢ. ದೀಪದ ಖರ್ಚಿಲ್ಲದ ಎರಡನೇ ದೀಪ ಇದು.

6. ಕೆಂಪು ನೆಲದ ಮೇಲೆ ಬಿಳಿ ಹೊದಿಕೆ ಹಾಸಿ. ಇದನ್ನು ಬಹಳ ಜನ ಮರೆಯುತ್ತಾರೆ. ನೆಲದಿಂದ ಪುಟಿಯುವ ಬೆಳಕು ಕೆಂಪಾಗಿ ಗಲ್ಲದ ಕೆಳಗೆ, ಬಿಳಿ ಬಟ್ಟೆಯ ಅಂಚಿಗೆ ಹತ್ತುತ್ತದೆ. ಹಸಿರು, ನೀಲಿ ಸುಣ್ಣ ಬಳಿದ ಗೋಡೆಯೂ ಹೀಗೆಯೇ ತನ್ನ ಬಣ್ಣ ಚೆಲ್ಲುತ್ತದೆ.

7. ಫೋನನ್ನು ಸ್ಟ್ಯಾಂಡಿಗೆ ಕಟ್ಟಿ. ಸ್ಟ್ಯಾಂಡ್ ಇಲ್ಲದಿದ್ದರೆ ಡಬ್ಬಗಳನ್ನು ಪೇರಿಸಿ ಒರಗಿಸಿ. ಎರಡು ಸೆಕೆಂಡಿನ ಟೈಮರ್ ಇಟ್ಟರೆ ಬೆರಳು ತಾಗಿದ ಅಲುಗಾಟವೂ ಇರುವುದಿಲ್ಲ.

8. ಕೊನೆಗೆ ಲೆನ್ಸ್ ಒರೆಸಿ. ಅದಿರಿನ ಲಾರಿ ಓಡಾಡುವ ಸಂಡೂರು ಸೀಮೆಯಲ್ಲಿ ದೂಳಿಗೇನೂ ಬರವಿಲ್ಲ. ಮೊದಲು ದೂಳನ್ನು ಊದಿ, ಆಮೇಲೆ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ. ಊದದೆ ಉಜ್ಜಿದರೆ ದೂಳಿನ ಕಣಗಳೇ ಗೀರು ಹಾಕಬಹುದು. ಬೆರಳಿನ ಜಿಡ್ಡು ಹತ್ತಿದ ಲೆನ್ಸಿನಿಂದ ಫೋಟೋ ಮಂಜು ಕವಿದಂತೆ ಬರುತ್ತದೆ.

ಉತ್ತರದ ಕಿಟಕಿಯೇ ಶ್ರೇಷ್ಠವೇ?

ಫೋಟೋಗ್ರಫಿಯ ಪುಸ್ತಕಗಳಲ್ಲಿ ಉತ್ತರದ ಕಿಟಕಿಗೆ ಎಂದೂ ನೇರ ಬಿಸಿಲು ಬೀಳುವುದಿಲ್ಲ ಎಂಬ ಮಾತಿದೆ. ಅದು ಯುರೋಪಿನ ಸೂರ್ಯನನ್ನು ನೋಡಿ ಬರೆದ ಮಾತು. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳು ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಮೇ ತಿಂಗಳ ಆರಂಭದಲ್ಲೊಮ್ಮೆ, ಆಗಸ್ಟ್ 10ರ ಸುಮಾರಿಗೆ ಇನ್ನೊಮ್ಮೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ಆ ಹೊತ್ತಿಗೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಸ್ವಲ್ಪ ಉತ್ತರಕ್ಕೇ ಇರುತ್ತಾನೆ.

ಮಧ್ಯಾಹ್ನದ ಆ ಬಿಸಿಲು ನೆತ್ತಿಯ ಹತ್ತಿರವೇ ಇರುವುದರಿಂದ ಕಿಟಕಿಯ ಮೇಲಿನ ಸಜ್ಜಾ ಅದನ್ನು ತಡೆಯುತ್ತದೆ. ನಿಜವಾಗಿ ಒಳಗೆ ನುಗ್ಗುವುದು ಬೆಳಗ್ಗೆ, ಸಂಜೆಯ ಬಿಸಿಲು. ಮಾರ್ಚ್ 21ರ ಸುಮಾರಿನಿಂದ ಸೆಪ್ಟೆಂಬರ್ 23ರ ಸುಮಾರಿನವರೆಗೆ ಸೂರ್ಯ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿದ ಜಾಗದಲ್ಲಿ. ಹಾಗಾಗಿ ನಮ್ಮೂರಿನ ಉತ್ತರದ ಕಿಟಕಿಗೆ ನೇರ ಬಿಸಿಲು ತಾಗದ ಕಾಲವೆಂದರೆ ಉಳಿದ ಆರು ತಿಂಗಳು ಮಾತ್ರ.

ನಿಮ್ಮ ಮನೆಗೆ ಇರುವ ಕಿಟಕಿ ಯಾವುದೋ ಅದನ್ನೇ ಹೀಗೆ ಬಳಸಿ. ಪೂರ್ವದ ಕಿಟಕಿಯಾದರೆ ಮಧ್ಯಾಹ್ನದ ನಂತರ, ಪಶ್ಚಿಮದ್ದಾದರೆ ಮಧ್ಯಾಹ್ನದೊಳಗೆ ಫೋಟೋ ತೆಗೆಯಿರಿ. ದಕ್ಷಿಣದ್ದಾದರೆ ಚಳಿಗಾಲದಲ್ಲಿ ಪಂಚೆ ಕಟ್ಟುವುದು ಕಡ್ಡಾಯ. ಕಿಟಕಿ ಇಲ್ಲವೆಂದರೆ ಬಾಗಿಲಿದೆ. ಬಿಸಿಲು ಬೀಳದ ಬಾಗಿಲಿನ ಹೊಸ್ತಿಲಿನ ಒಳಗಡೆ ಸಿಗುವಷ್ಟು ಒಳ್ಳೆಯ ಬೆಳಕು ಸಾವಿರಾರು ರೂಪಾಯಿಯ ದೀಪಕ್ಕೂ ಕಷ್ಟ.

ಕೆಂಪು ಬಣ್ಣ ಫೋಟೋದಲ್ಲಿ ಬದಲಾಗುವುದೇಕೆ?

ಎಲ್ಲ ಬೆಳಕೂ ಬಿಳಿಯಲ್ಲ. ಹಳದಿ ಬಲ್ಬಿನ ಬೆಳಕನ್ನು ಸುಮಾರು 2,700 ಕೆಲ್ವಿನ್ ಎಂದೂ, ತಂಪು ಬಿಳಿ ಟ್ಯೂಬಿನದನ್ನು 6,500 ಕೆಲ್ವಿನ್ ಎಂದೂ ಡಬ್ಬಿಯ ಮೇಲೆ ಬರೆದಿರುತ್ತಾರೆ. ಮಧ್ಯಾಹ್ನದ ಬಿಸಿಲು ಸುಮಾರು 5,500. ನಮ್ಮ ಮಿದುಳು ಇದಕ್ಕೆಲ್ಲ ತಾನೇ ಹೊಂದಿಕೊಂಡುಬಿಡುತ್ತದೆ. ಫೋನು ಊಹೆ ಮಾಡಬೇಕು. ಚೌಕಟ್ಟಿನ ತುಂಬ ಕೆಂಪು ಬಟ್ಟೆಯೇ ಇದ್ದರೆ, ಬೆಳಕೇ ಕೆಂಪಾಗಿದೆಯೆಂದು ತಪ್ಪಾಗಿ ಭಾವಿಸಿ ಕೆಂಪನ್ನು ಇಳಿಸಿಬಿಡುವುದೂ ಉಂಟು.

ಪರಿಹಾರ ಸರಳ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸ್ ಅನ್ನು ಆಟೋದಿಂದ ತೆಗೆದು, ಅದೇ ಬೆಳಕಿನಲ್ಲಿ ಒಂದು ಬಿಳಿ ಹಾಳೆ ಬಿಳಿಯಾಗಿಯೇ ಕಾಣುವಂತೆ ಹೊಂದಿಸಿ ಬಿಟ್ಟುಬಿಡಿ. ಪ್ರೊ ಮೋಡ್ ಇಲ್ಲವಾದರೆ ಬಟ್ಟೆಯ ಪಕ್ಕದಲ್ಲಿ ಬಿಳಿ ಹಾಳೆ ಕಾಣುವಂತೆ ಫೋಟೋ ತೆಗೆದು, ಆಮೇಲೆ ಆ ಭಾಗ ಕತ್ತರಿಸಿ.

ಇನ್ನೊಂದು ಎಚ್ಚರ. ಗಾಢ ಕೆಂಪು ಬಟ್ಟೆ ಬೇಗ ತುಂಬಿ ಹರಿಯುತ್ತದೆ. ಅಂದರೆ ಕ್ಯಾಮೆರಾದ ಕೆಂಪಿನ ಪಾಲು ಮಿತಿ ಮುಟ್ಟಿ, ಹೊಲಿಗೆಯ ವಿವರವೆಲ್ಲ ಒಂದೇ ಕೆಂಪು ಮುದ್ದೆಯಾಗುತ್ತದೆ. ಪರದೆಯ ಮೇಲೆ ಬಟ್ಟೆಯನ್ನು ಮುಟ್ಟಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬಿಳಿ ಹಿನ್ನೆಲೆಯ ಮೇಲಿನ ವಸ್ತುವಿಗೆ ಇದಕ್ಕೆ ವಿರುದ್ಧ. ಬಿಳಿ ಹೆಚ್ಚಿದ್ದರೆ ಫೋನು ಅದನ್ನು ಬೂದು ಮಾಡಲು ನೋಡುತ್ತದೆ, ಆಗ ಗುರುತನ್ನು ಸ್ವಲ್ಪ ಮೇಲೆ ಎಳೆಯಿರಿ.

ಕನ್ನಡಿ ಕೆಲಸದ ಬಟ್ಟೆ

ಲಂಬಾಣಿ ಕಸೂತಿಯ ಚೆಲುವಿರುವುದು ಕನ್ನಡಿ ಚೂರು ಮತ್ತು ಉಬ್ಬಿದ ಹೊಲಿಗೆಯಲ್ಲಿ. ಫೋನಿನ ಫ್ಲ್ಯಾಶ್ ಹಾಕಿದರೆ ಎರಡೂ ಕೆಡುತ್ತವೆ. ಕನ್ನಡಿಗಳು ಫ್ಲ್ಯಾಶನ್ನೇ ವಾಪಸ್ ಹೊಡೆದು ಬಿಳಿ ಕಲೆಯಾಗುತ್ತವೆ, ಹೊಲಿಗೆ ಚಪ್ಪಟೆಯಾಗುತ್ತದೆ.

ಶಾಲೆಯಲ್ಲಿ ಕಲಿತ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆಳಕು ಕನ್ನಡಿಗೆ ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಆಚೆ ಕಡೆಗೆ ಹೋಗುತ್ತದೆ. ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಫೋನನ್ನು ನೇರ ಮೇಲೆ ಹಿಡಿದು, ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಡಿ. ಕನ್ನಡಿಗಳಿಂದ ಪುಟಿದ ಬೆಳಕು ಫೋನಿಗೆ ಬಾರದೆ ಎದುರು ಬದಿಗೆ ಹೋಗುತ್ತದೆ, ಹೊಲಿಗೆಯ ಪ್ರತಿ ಗಂಟಿಗೂ ಪುಟ್ಟ ನೆರಳು ಬಿದ್ದು ಉಬ್ಬು ಕಾಣುತ್ತದೆ.

ಆದರೆ ಈಗ ಕನ್ನಡಿಗಳು ಕಪ್ಪಾಗಿ ಕಾಣಬಹುದು. ಕಾರಣ, ಕನ್ನಡಿಯಲ್ಲಿ ಕಾಣುತ್ತಿರುವುದು ಕತ್ತಲೆಯ ಮಾಡು. ಫೋನಿನ ಮೇಲ್ಗಡೆ ಇಬ್ಬರು ಬಿಳಿ ಹೊದಿಕೆಯನ್ನು ಚಪ್ಪರದಂತೆ ಹಿಡಿದರೆ ಕನ್ನಡಿಗಳು ಆ ಬಿಳಿಯನ್ನು ತೋರಿಸಿ ಹೊಳೆಯುತ್ತವೆ. ಬೆಳ್ಳಿ ಸಾಮಾನು, ಸ್ಟೀಲ್ ಪಾತ್ರೆ, ಬಳೆ, ಗಾಜಿನ ಸೀಸೆಗೂ ಇದೇ ಸೂತ್ರ. ಹೊಳೆಯುವ ವಸ್ತುವಿನ ಫೋಟೋ ಎಂದರೆ ಅದರ ಸುತ್ತ ಏನಿದೆಯೋ ಅದರ ಫೋಟೋ.

ದೀಪ ಕೊಳ್ಳಲೇಬೇಕಾದರೆ

ಹಗಲು ಕೂಲಿಗೋ ಕೆಲಸಕ್ಕೋ ಹೋಗುವವರಿಗೆ ಸಿಗುವುದು ರಾತ್ರಿ ಮಾತ್ರ. ಅಂಥವರಿಗೆ ದೀಪ ಬೇಕು. ಕೊಳ್ಳುವಾಗ ವ್ಯಾಟ್ ನೋಡುವ ಮೊದಲು ಡಬ್ಬಿಯ ಮೇಲೆ ಸಿಆರ್‌ಐ ಎಂಬ ಸಂಖ್ಯೆ ಹುಡುಕಿ. ಬಣ್ಣಗಳನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದಕ್ಕೆ 100ರಲ್ಲಿ ಕೊಟ್ಟ ಅಂಕ ಇದು. ಮನೆಬಳಕೆಯ ಸಾಧಾರಣ ಎಲ್‌ಇಡಿ ಬಲ್ಬುಗಳದು ಸುಮಾರು 80. ಬಟ್ಟೆಯ ಫೋಟೋಗೆ 90ಕ್ಕಿಂತ ಮೇಲಿರಲಿ, 95 ಇದ್ದರೆ ಇನ್ನೂ ಒಳ್ಳೆಯದು.

ಈ ಅಂಕದಲ್ಲೂ ಒಂದು ಮರೆಮಾಚು ಇದೆ. ಸಿಆರ್‌ಐ ಎಂಟು ಮಾಸಲು ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆ ಆರ್9 ಎಂಬ ಬೇರೆ ಅಂಕವಿದೆ. ಅಗ್ಗದ ಎಲ್‌ಇಡಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕೆಂಪು ಬಟ್ಟೆ, ಕುಂಕುಮ, ಅಡುಗೆಯ ಖಾರ, ಮನುಷ್ಯರ ಮೈಬಣ್ಣ ಎಲ್ಲದಕ್ಕೂ ಈ ಕೆಂಪು ಮುಖ್ಯ. ಆರ್9 ಅಂಕ ಬರೆದಿರುವ ದೀಪವೇ ಸಿಕ್ಕರೆ ಅದನ್ನು ನೋಡಿ ಕೊಳ್ಳಿ.

ಕೊಳ್ಳುವ ಕ್ರಮ ಹೀಗಿರಲಿ: ಮೊದಲು ಗಟ್ಟಿ ಸ್ಟ್ಯಾಂಡ್, ಆಮೇಲೆ ಒಂದೇ ಒಂದು ಒಳ್ಳೆಯ ಎಲ್‌ಇಡಿ ದೀಪ, ಅದರ ಮುಂದೆ ಸಾಫ್ಟ್‌ಬಾಕ್ಸ್ ಅಥವಾ ಬಿಳಿ ಬಟ್ಟೆ. ಎರಡನೇ ದೀಪದ ಜಾಗದಲ್ಲಿ ಥರ್ಮಾಕೋಲ್ ಇದ್ದೇ ಇದೆ. ಒಂದು ದೀಪ ಒಗ್ಗಿದ ಮೇಲೆ ಎರಡನೆಯದರ ಮಾತು.

ರಾತ್ರಿಯ ಫೋಟೋದಲ್ಲಿ, ವಿಡಿಯೋದಲ್ಲಿ ಕಪ್ಪು ಪಟ್ಟೆಗಳು ಹರಿಯುವುದನ್ನು ನೋಡಿರುತ್ತೀರಿ. ಅದು ಫೋನಿನ ರೋಗವಲ್ಲ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸುತ್ತಿನದು, ಹಾಗಾಗಿ ಕೆಲವು ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟೆಗಳು ಹೋಗುತ್ತವೆ.

ಇನ್ನು ಸುರಕ್ಷತೆ. ಮದುವೆ ಶೂಟಿಂಗಿನ ಹಳೆಯ ಹ್ಯಾಲೋಜನ್ ದೀಪ ಅಗ್ಗಕ್ಕೆ ಸಿಗುತ್ತದೆಂದು ತಂದು ಅದರ ಮುಂದೆ ಬಟ್ಟೆ, ಥರ್ಮಾಕೋಲ್ ಕಟ್ಟಬೇಡಿ. ಅದರ ಕಾವಿಗೆ ಬೆಂಕಿ ಹತ್ತುತ್ತದೆ. ಮನೆಯ ಸಾಮಾನ್ಯ ಪ್ಲಗ್ 6 ಆಂಪಿಯರ್‌ನದು. 230 ವೋಲ್ಟ್ ಲೆಕ್ಕದಲ್ಲಿ ಅದು ತಾಳುವುದು ಸುಮಾರು 1,380 ವ್ಯಾಟ್. 1,000 ವ್ಯಾಟಿನ ಎರಡು ದೀಪಗಳನ್ನು ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸಿದರೆ ವೈರು ಸುಡುತ್ತದೆ. ಕೆಟ್ಟ ಕ್ಯಾಮೆರಾ ಫ್ಲ್ಯಾಶನ್ನು ಮನೆಯಲ್ಲಿ ಬಿಚ್ಚಬೇಡಿ. ಸ್ವಿಚ್ ಆರಿಸಿದ ಮೇಲೂ ಅದರ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.

ಮುಖದ ಫೋಟೋ ತೆಗೆಯುವಾಗ

ಕೂತವರು ಕಿಟಕಿಗೆ ಓರೆಯಾಗಿ ಮುಖ ಮಾಡಲಿ. ಬೆಳಕು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲಿನಿಂದ ಬರಲಿ. ಕೆಳಗಿನಿಂದ ಬಂದರೆ ದೆವ್ವದ ಸಿನಿಮಾ ಆಗುತ್ತದೆ. ಗೋಡೆಯಿಂದ ಮೂರು ನಾಲ್ಕು ಅಡಿ ಮುಂದೆ ಕೂರಿಸಿದರೆ ನೆರಳು ಗೋಡೆಯ ಮೇಲೆ ಬೀಳುವುದಿಲ್ಲ. ಅರ್ಜಿಗೆ ಬೇಕಾದ ಬಿಳಿ ಹಿನ್ನೆಲೆಯ ಫೋಟೋಗೆ ಇದು ಬಹಳ ಮುಖ್ಯ.

ಫೋನನ್ನು ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ, ಕಿವಿ ಚಿಕ್ಕದಾಗಿ ಬರುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುವುದೇ ಕಾರಣ. ಐದಾರು ಅಡಿ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ, ಮುಖ ಇದ್ದಂತೆಯೇ ಬರುತ್ತದೆ.

ಫಾರ್ವರ್ಡ್ ಮಾಡುವ ಮೊದಲು: ಯಾವುದು ನಿಜ, ಯಾವುದು ಸುಳ್ಳು?

*"ರಿಂಗ್ ಲೈಟ್ ಇದ್ದರೆ ಸ್ಟುಡಿಯೋ ಇದ್ದಂತೆ."* ಅರ್ಧ ನಿಜ. ಫೋನಿನ ಎದುರು ಕೂತು ಮಾತಾಡುವವರಿಗೆ ಅದು ಅನುಕೂಲ. ಆದರೆ ಅದರ ಬೆಳಕು ಕ್ಯಾಮೆರಾದ ಕಡೆಯಿಂದಲೇ ಬರುವುದರಿಂದ ಬಟ್ಟೆ, ಆಹಾರ, ಕೆತ್ತನೆ ಎಲ್ಲ ಚಪ್ಪಟೆಯಾಗುತ್ತದೆ. ಕನ್ನಡಕದಲ್ಲಿ, ಪಾತ್ರೆಯಲ್ಲಿ ಬಿಳಿ ಉಂಗುರ ಕಾಣುತ್ತದೆ. ರಿಂಗ್ ಲೈಟ್ ಈಗಾಗಲೇ ಇದ್ದರೆ ಅದನ್ನು ಪಕ್ಕಕ್ಕೆ ಸರಿಸಿ, ಬಿಳಿ ಬಟ್ಟೆಯ ಹಿಂದೆ ಇಟ್ಟು ನೋಡಿ.

*"ದೀಪ ಹೆಚ್ಚಿದಷ್ಟೂ ಫೋಟೋ ಚೆಂದ."* ಸುಳ್ಳು. ಮೂರು ದೀಪ ಇಟ್ಟರೆ ಮೂರು ನೆರಳು.

*"ಫೋಟೋದ ಫ್ಲ್ಯಾಶಿನಿಂದ ಮಗುವಿನ ಕಣ್ಣು ಹೋಗುತ್ತದೆ."* ಸುಳ್ಳು. ಚೀನಾದಲ್ಲಿ ಮೂರು ತಿಂಗಳ ಮಗುವೊಂದು ಹತ್ತಿರದಿಂದ ಹೊಡೆದ ಫ್ಲ್ಯಾಶಿನಿಂದ ಕುರುಡಾಯಿತು ಎಂಬ ಸುದ್ದಿ 2015ರಲ್ಲಿ ಜಗತ್ತಿನಾದ್ಯಂತ ಹರಡಿತು. ಕಣ್ಣಿನ ತಜ್ಞರು ಅದನ್ನು ಒಪ್ಪಲಿಲ್ಲ. ಕ್ಯಾಮೆರಾ ಫ್ಲ್ಯಾಶ್ ಕ್ಷಣದ ಒಂದು ಚೂರು ಹೊತ್ತು ಮಾತ್ರ ಬೆಳಗುತ್ತದೆ. ಸ್ವಲ್ಪ ಹೊತ್ತು ಕಣ್ಣು ಕೋರೈಸಬಹುದು, ಅಕ್ಷಿಪಟ ಸುಡುವಷ್ಟು ಶಕ್ತಿ ಅದಕ್ಕಿಲ್ಲ. ಹಾಗೆಂದು ಕೂಸಿನ ಮುಖದ ಹತ್ತಿರ ಫ್ಲ್ಯಾಶ್ ಹೊಡೆಯುವ ಅಗತ್ಯವೂ ಇಲ್ಲ. ಕಿಟಕಿಯ ಬೆಳಕಿನಲ್ಲೇ ಫೋಟೋ ಚೆಂದ ಬರುತ್ತದೆ, ಮಗುವೂ ಅಳುವುದಿಲ್ಲ.

ಹಂಚಿಕೊಳ್ಳಲೇಬೇಕಾದ ಸಂಗತಿ ಬೇರೆಯೇ ಇದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣಿನ ಪಾಪೆ ಕೆಂಪಾಗಿ ಕಾಣುವುದು ಸಹಜ. ಕಣ್ಣಿನ ಹಿಂಭಾಗದ ರಕ್ತನಾಳಗಳ ಬಣ್ಣ ಅದು. ಆದರೆ ಮಗುವಿನ ಒಂದು ಕಣ್ಣಿನಲ್ಲೋ ಎರಡರಲ್ಲೋ ಪಾಪೆ ಮತ್ತೆ ಮತ್ತೆ ಬಿಳಿಯಾಗಿ, ಬೆಕ್ಕಿನ ಕಣ್ಣಿನಂತೆ ಹೊಳೆದರೆ ಸುಮ್ಮನಿರಬೇಡಿ. ಅದು ಹುಟ್ಟಿನಿಂದ ಬಂದ ಕಣ್ಣಿನ ಪೊರೆ ಇರಬಹುದು, ಅಥವಾ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರಿನ ಸುಳಿವೂ ಇರಬಹುದು. ಈ ಕ್ಯಾನ್ಸರ್ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಕಾಣುತ್ತದೆ. ಬೇಗ ಗೊತ್ತಾದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ಫೋಟೋ ತೆಗೆದ ಕೋನದಿಂದಲೂ ಒಮ್ಮೊಮ್ಮೆ ಪಾಪೆ ಬಿಳಿಯಾಗಿ ಕಾಣುವುದುಂಟು, ಆದ್ದರಿಂದ ಗಾಬರಿ ಬೇಡ. ಆದರೆ ಆ ಫೋಟೋ ಸಮೇತ ಕಣ್ಣಿನ ವೈದ್ಯರ ಹತ್ತಿರ ತಡಮಾಡದೆ ಹೋಗಿ.

*"ವಾಟ್ಸಾಪ್‌ನಲ್ಲಿ ಕಳಿಸಿದರೆ ಫೋಟೋ ಹಾಳಾಗುತ್ತದೆ."* ಬಹುಮಟ್ಟಿಗೆ ನಿಜ. ಮಾಮೂಲಾಗಿ ಕಳಿಸಿದರೆ ಅದು ಫೋಟೋವನ್ನು ಕುಗ್ಗಿಸುತ್ತದೆ. 2023ರಿಂದ ಎಚ್‌ಡಿ ಎಂಬ ಆಯ್ಕೆ ಬಂದಿದೆ, ಕಳಿಸುವ ಮೊದಲು ಅದನ್ನು ಒತ್ತಿ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೋ ಇದ್ದಂತೆಯೇ ತಲುಪುತ್ತದೆ.

ಕೊನೆಯದಾಗಿ

ಗಿರಾಕಿಯ ಫೋನಿನ ಪರದೆ ಯಾವ ಬಣ್ಣ ತೋರಿಸುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಮಾರುವವರು ಫೋಟೋ ಜೊತೆ ಬಣ್ಣವನ್ನು ಮಾತಿನಲ್ಲೂ ಬರೆಯಿರಿ: ಕುಂಕುಮದ ಕೆಂಪು, ಇಟ್ಟಿಗೆ ಕೆಂಪು, ದಾಳಿಂಬೆ ಕೆಂಪು. ಚೆಂದಗಾಣಿಸುವ ಫಿಲ್ಟರ್ ಹಾಕಬೇಡಿ. ಇಂದು ಫಿಲ್ಟರ್ ತಂದುಕೊಟ್ಟ ಗಿರಾಕಿ ನಾಳೆ ಬಟ್ಟೆ ಕೈಗೆ ಬಂದಾಗ ಹೋಗಿಬಿಡುತ್ತಾನೆ.

ಹೊಸ ಫೋನಿಗೆ, ದೀಪದ ಸೆಟ್ಟಿಗೆ ದುಡ್ಡು ಕಟ್ಟುವ ಮೊದಲು ಒಂದು ಭಾನುವಾರ ಮನೆಯ ಕಿಟಕಿಯ ಹತ್ತಿರ ಕೂತು ನೋಡಿ. ಅದೇ ಬಟ್ಟೆಯ ಫೋಟೋವನ್ನು ಬೆಳಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ ತೆಗೆಯಿರಿ. ಒಮ್ಮೆ ಪಂಚೆ ಕಟ್ಟಿ, ಒಮ್ಮೆ ಬಿಚ್ಚಿ; ಒಮ್ಮೆ ಥರ್ಮಾಕೋಲ್ ಇಟ್ಟು, ಒಮ್ಮೆ ತೆಗೆದು. ಫೋಟೋಗಳನ್ನು ಪಕ್ಕಪಕ್ಕ ಇಟ್ಟು, ಬಟ್ಟೆಯನ್ನೂ ಕೈಯಲ್ಲಿ ಹಿಡಿದು ಹೋಲಿಸಿ. ನಿಮ್ಮ ಮನೆಗೆ ಯಾವ ಹೊತ್ತು, ಯಾವ ಜಾಗ ಒಳ್ಳೆಯದೆಂದು ಅಂದೇ ಗೊತ್ತಾಗುತ್ತದೆ. ಆಮೇಲೂ ಏನಾದರೂ ಕೊರತೆ ಕಂಡರೆ ಆ ಕೊರತೆ ತುಂಬುವ ಸಾಮಾನನ್ನು ಮಾತ್ರ ಕೊಳ್ಳಿ.

ಮನೆಯಲ್ಲಿ ಕೂತು ಹೊಲಿಯುವ, ಅಡುಗೆ ಮಾಡಿ ಮಾರುವ, ಕೂಸಿನ ಫೋಟೋ ತೆಗೆಯುವ ನಿಮ್ಮವರಿಗೆ ಇದನ್ನು ಕಳಿಸಿ. ಮಗುವಿನ ಕಣ್ಣಿನ ಮಾತನ್ನಂತೂ ತಪ್ಪದೆ ತಿಳಿಸಿ.